ಹಿಡಿಯಲ್ಲಿದೆ ಬಿಸಿಯ ಲೆಕ್ಕ

ಸೋಲ್ಡರಿಂಗ್ ಐರನ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ವ್ಯಾಟ್ ಎಂದು. ಆಮೇಲೆ ಬೆಲೆ. ಬಿಟ್, ಅಂದರೆ ಕಾಯುವ ತುದಿ, ಮೊನಚಾಗಿದೆಯೋ ಚಪ್ಪಟೆಯಾಗಿದೆಯೋ ಎಂದು ಕೆಲವರು ತಿರುಗಿಸಿ ನೋಡುತ್ತಾರೆ. ಹಿಡಿ ಹೇಗಿದೆ, ತುದಿಯಿಂದ ಬೆರಳಿಗೆ ಎಷ್ಟು ದೂರವಿದೆ, ಅರ್ಧ ಗಂಟೆ ಹಿಡಿದರೆ ಅಂಗೈ ಕಾಯುತ್ತದೆಯೇ, ವೈರು ಕೈಯನ್ನು ಹಿಂದಕ್ಕೆ ಜಗ್ಗುತ್ತದೆಯೇ ಎಂದು ವಿಚಾರಿಸುವವರು ಅಪರೂಪ. ದಿನವಿಡೀ ರಿಪೇರಿ ಮೇಜಿನ ಮುಂದೆ ಕೂರುವವರಿಗೆ ಮಾತ್ರ ಈ ಪ್ರಶ್ನೆಗಳ ತೂಕ ಗೊತ್ತು. ಬಿಸಿ ಹುಟ್ಟಿಸುವುದು ದೊಡ್ಡ ಕೆಲಸವೇನಲ್ಲ. ನಿಕ್ರೋಮ್ ತಂತಿಗೆ ಕರೆಂಟ್ ಕೊಟ್ಟರೆ ಅದು ಕೆಂಪಗಾಗುತ್ತದೆ. ಆ ಬಿಸಿಯನ್ನು ಒಂದು ತುದಿಗಷ್ಟೇ ಕಳಿಸಿ, ಒಂದು ಗೇಣು ಹಿಂದಿರುವ ಬೆರಳುಗಳಿಗೆ ತಾಗದಂತೆ ತಡೆಯುವುದರಲ್ಲಿ ಕಸುಬು ಇದೆ. ಹಾಗಾಗಿ ಮನೆಯಲ್ಲೇ ಒಂದು ಸೋಲ್ಡರಿಂಗ್ ಹಿಡಿ ಮಾಡಿಕೊಳ್ಳುವುದೆಂದರೆ ಬಿಸಿಯ ದಾರಿಯನ್ನು ಅರ್ಥ ಮಾಡಿಕೊಳ್ಳುವುದು ಎಂದೇ ನಾನು ತಿಳಿದಿದ್ದೇನೆ.

ಇಂಥ ಹಿಡಿಗೆ ಬೇಕಾದ ಸಾಮಾನು ಆದೋನಿ ಸೀಮೆಯಲ್ಲಿ ಬೇರೆ ಬೇರೆ ಕಸುಬುಗಳ ಹೆಸರಿನಲ್ಲಿ ಹರಡಿಕೊಂಡಿದೆ. ಬೋರ್‌ವೆಲ್ ನಂಬಿದ ಒಣಸೀಮೆಯಾದ್ದರಿಂದ ಊರೂರಿಗೆ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ. ಅಲ್ಲಿ ಬಿಸಿ ತಾಳುವ ಗ್ಲಾಸ್ ಸ್ಲೀವ್, ಹೈಲಾಮ್ ಎಂಬ ಬೇಕಲೈಟ್ ಶೀಟಿನ ತುಂಡು ಸಿಗುತ್ತವೆ. ಎಮ್ಮಿಗನೂರಿನಲ್ಲಿ ನೇಕಾರರಿದ್ದಾರೆ, ಅವರಲ್ಲಿ ಮಗ್ಗದ ಹಳೆಯ ಮರದ ಕಂಡಿಕೆ ಸಿಗುತ್ತದೆ. ಗುಜರಿ ಅಂಗಡಿಯಲ್ಲಿ ಕೆಟ್ಟ ಇಸ್ತ್ರಿ ಪೆಟ್ಟಿಗೆಗಳು ರಾಶಿ ಬಿದ್ದಿರುತ್ತವೆ. ಹತ್ತಿ ಬೆಳೆಯುವ ಮನೆಗಳಲ್ಲಿ ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಬಂದು ಕೂತಿದೆ. ಅದರ ಹೊಟ್ಟೆಯಲ್ಲಿ 12 ವೋಲ್ಟಿನ ಬ್ಯಾಟರಿ ಇದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಕರ್ನೂಲಿಗೆ ಸೇರಿದ ಆದೋನಿ, ಆಲೂರು ತಾಲ್ಲೂಕುಗಳ ಜನ ಇವತ್ತಿಗೂ ಬಿಡಿಭಾಗ ಬೇಕಾದರೆ ಬಳ್ಳಾರಿಯ ಕಡೆಗೂ ಹೋಗುತ್ತಾರೆ, ಕರ್ನೂಲಿನ ಕಡೆಗೂ ಹೋಗುತ್ತಾರೆ. ಅಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಹೈದರಾಬಾದಿನ ಕೋಠಿ ಇದೆ. ಆದರೆ ನಾನು ಇಲ್ಲಿ ಹೇಳಹೊರಟಿರುವ ಹಿಡಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಮೊದಲು ಬೆಸುಗೆಯ ಕಬ್ಬಿಣಕ್ಕೆ ಕರೆಂಟಿನ ಹಂಗೇ ಇರಲಿಲ್ಲ. ತಗಡಿನ ಕೆಲಸದವರು ಕಬ್ಬಿಣದ ಸಲಾಕೆಯ ತುದಿಗೆ ತಾಮ್ರದ ಗಟ್ಟಿ ಸಿಕ್ಕಿಸಿ, ಇದ್ದಿಲಿನ ಒಲೆಯಲ್ಲಿ ಕಾಯಿಸಿ, ಆರುವುದರೊಳಗೆ ನಾಲ್ಕು ಕಡೆ ಸೀಸ, ಅಂದರೆ ಸೋಲ್ಡರ್, ಹಚ್ಚಿ ಮತ್ತೆ ಒಲೆಗಿಡುತ್ತಿದ್ದರು. ಆ ಸಲಾಕೆ ಮೊಳದುದ್ದ ಇರುತ್ತಿದ್ದದ್ದು ಕೈಗೆ ಬಿಸಿ ತಾಗದಿರಲಿ ಎಂದೇ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ತಂತಿಗೆ ಪೇಟೆಂಟ್ ಪಡೆದ ಮೇಲೆ ಇಸ್ತ್ರಿ ಪೆಟ್ಟಿಗೆ, ಹೀಟರ್, ಟೋಸ್ಟರ್ ಎಲ್ಲದರ ಕಥೆಯೂ ಬದಲಾಯಿತು. ಕೆಂಪಗೆ ಕಾದರೂ ಈ ತಂತಿ ಸುಟ್ಟು ಪುಡಿಯಾಗುವುದಿಲ್ಲ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಗಾಳಿಯಿಂದ ಕಾಯುತ್ತದೆ. 1921ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಸಾಕ್ಸ್ ಕಟ್ಟಿದ ಎರ್ಸಾ ಕಂಪನಿ ವಿದ್ಯುತ್ ಸೋಲ್ಡರಿಂಗ್ ಐರನ್‌ಗಳನ್ನು ಕಾರ್ಖಾನೆಯಲ್ಲಿ ಮಾಡತೊಡಗಿತು. ಬಿಸಿಯ ಮೂಲ ಒಲೆಯಿಂದ ಕೊಳವೆಯೊಳಕ್ಕೆ ಬಂದಿತು, ಸಲಾಕೆ ಗಿಡ್ಡವಾಯಿತು. ಅಂದಿನಿಂದ ಹಿಡಿ ಎಂಬುದು ಒಂದು ಸಮಸ್ಯೆಯಾಯಿತು.

ನಮ್ಮ ರಿಪೇರಿ ಅಂಗಡಿಗಳಲ್ಲಿ ಕಾಣುವ ಐರನ್ ಬಹುಮಟ್ಟಿಗೆ 230 ವೋಲ್ಟಿನದು, 25 ವ್ಯಾಟಿನದು. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹಳ್ಳಿಯ ಕರೆಂಟಿಗೂ ಅದಕ್ಕೂ ಅಷ್ಟಾಗಿ ಒಗ್ಗದು. ವೋಲ್ಟೇಜ್ ಇಳಿದಾಗ ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರ ಜಾಗದಲ್ಲಿ 180 ವೋಲ್ಟ್ ಬಂದರೆ ಐರನ್‌ಗೆ ಸಿಗುವುದು 25 ವ್ಯಾಟ್ ಅಲ್ಲ, ಬರೀ 15. ಸೀಸ ಕರಗುವಂತೆ ಕಾಣುತ್ತದೆ, ಆದರೆ ದಪ್ಪ ವೈರಿಗೆ ಹತ್ತುವುದಿಲ್ಲ, ಗಂಜಿಯ ಹಾಗೆ ಮುದ್ದೆಯಾಗಿ ನಿಲ್ಲುತ್ತದೆ. ಮನೆಯಲ್ಲಿ ಎಲಿಮೆಂಟ್ ಸುತ್ತಿ 230 ವೋಲ್ಟಿಗೆ ಸಿಕ್ಕಿಸುವ ಯೋಚನೆಯನ್ನಂತೂ ಯಾರೂ ಮಾಡಬಾರದು. ಒಳಗಿನ ಮೈಕಾ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಕೊಳವೆಗೆ ಕರೆಂಟ್ ಬರುತ್ತದೆ, ಕೊಳವೆಯಿಂದ ಕೈಗೆ ಬರುತ್ತದೆ. ಹಳೆಯ ಐರನ್‌ನ ಬಿಟ್ಟಿಗೆ ಟೆಸ್ಟರ್ ಇಟ್ಟು ನೋಡಿ, ಎಷ್ಟೋ ಸಲ ಒಳಗಿನ ನಿಯಾನ್ ದೀಪ ಮಿಣುಕುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಈ ಭಯವಿಲ್ಲ. ಹೊಲದ ಬದುವಿನ ಮೇಲೆ ಕೂತೂ ಕೆಲಸ ಮಾಡಬಹುದು.

ಇನ್ನು ಲೆಕ್ಕ. ಇದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಓಮ್ ನಿಯಮಕ್ಕಿಂತ ಹೆಚ್ಚಿನದೇನೂ ಅಲ್ಲ. 12 ವೋಲ್ಟಿನಲ್ಲಿ 2 ಆಂಪಿಯರ್ ಹರಿದರೆ 24 ವ್ಯಾಟ್. ಹಾಗೆ ಹರಿಯಬೇಕಾದರೆ ತಂತಿಯ ರೋಧ 6 ಓಮ್ ಇರಬೇಕು. 28 ಗೇಜಿನ ನಿಕ್ರೋಮ್ ತಂತಿಗೆ ಮೀಟರಿಗೆ ಸುಮಾರು 10 ಓಮ್ ರೋಧ. ಅಂದರೆ 60 ಸೆಂಟಿಮೀಟರ್ ತಂತಿ ಸಾಕು. ಇನ್ನೂ ತೆಳುವಾದ ತಂತಿ ತೆಗೆದುಕೊಂಡರೆ ಉದ್ದ ಕಡಿಮೆಯಾಗುತ್ತದೆ ನಿಜ, ಆದರೆ ಅಷ್ಟೇ 24 ವ್ಯಾಟ್ ಸಣ್ಣ ಮೈಯಿಂದ ಹೊರಬರಬೇಕಾಗಿ ತಂತಿ ಬೇಗ ಸುಟ್ಟುಹೋಗುತ್ತದೆ. ದಪ್ಪ ತಂತಿಯಾದರೆ ಸುತ್ತಲು ಜಾಗ ಸಾಲದು. 28 ಗೇಜ್ ನಡುವಿನ ದಾರಿ. ಪಂಪಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಅವರ್‌ನದು. 2 ಆಂಪಿಯರಿನಂತೆ ಎಳೆದರೆ ಕಾಗದದ ಮೇಲೆ ನಾಲ್ಕು ಗಂಟೆ ಬರಬೇಕು, ಸೀಸದ ಬ್ಯಾಟರಿಯ ಸ್ವಭಾವ ಗೊತ್ತಿದ್ದವರು ಅದಕ್ಕಿಂತ ಕಡಿಮೆಯನ್ನೇ ಎಣಿಸುತ್ತಾರೆ. ಪಂಪಿನ ಮೋಟಾರೂ ಹೆಚ್ಚುಕಡಿಮೆ ಇಷ್ಟೇ ಕರೆಂಟ್ ಎಳೆಯುವುದರಿಂದ ಬ್ಯಾಟರಿಗೆ ಇದು ಹೊಸ ಭಾರವೇನಲ್ಲ.

ಬಿಟ್ಟಿಗೆ ಎಲೆಕ್ಟ್ರಿಕಲ್ ಅಂಗಡಿಯ ಅರ್ಥಿಂಗ್ ತಂತಿ ಒಳ್ಳೆಯದು. 8 ಗೇಜಿನ ತಾಮ್ರದ ತಂತಿ 4 ಮಿಲಿಮೀಟರ್ ದಪ್ಪ ಇರುತ್ತದೆ, ಗಟ್ಟಿ ತಾಮ್ರ. ಏಳು ಸೆಂಟಿಮೀಟರ್ ಕತ್ತರಿಸಿ, ಒಂದು ತುದಿಯನ್ನು ಅರದಿಂದ ಉಳಿಯ ಮೂತಿಯ ಹಾಗೆ ಚಪ್ಪಟೆ ಮಾಡಿಕೊಳ್ಳಬೇಕು. ಸೂಜಿಯ ಮೊನೆ ಚೆಂದ ಕಾಣುತ್ತದೆ, ಆದರೆ ಮೊನೆಯಿಂದ ಬಿಸಿ ದಾಟುವುದಿಲ್ಲ; ಬಿಸಿ ದಾಟಲು ಮೈಗೆ ಮೈ ತಾಗಬೇಕು.

ತಾಮ್ರದ ಮೇಲೆ ನೇರವಾಗಿ ನಿಕ್ರೋಮ್ ಸುತ್ತುವಂತಿಲ್ಲ, ಸುತ್ತಿದರೆ ಸುತ್ತುಗಳೆಲ್ಲ ಒಂದಾಗಿ ಶಾರ್ಟ್ ಆಗುತ್ತದೆ. ನಡುವೆ ಬಿಸಿ ಬಿಡುವ, ಕರೆಂಟ್ ಬಿಡದ ವಸ್ತು ಬೇಕು. ಅದೇ ಮೈಕಾ, ಅಭ್ರಕ. ನೆಲ್ಲೂರಿನ ಕಡೆಯ ಗೂಡೂರು ಸೀಮೆಯ ಗಣಿಗಳಿಂದ ಒಂದು ಕಾಲಕ್ಕೆ ದೇಶದೇಶಕ್ಕೆ ಹೋಗುತ್ತಿದ್ದ ಖನಿಜ ಇದು. ನಮಗೆ ಸುಲಭವಾಗಿ ಸಿಗುವುದು ಹಳೆಯ ಇಸ್ತ್ರಿ ಪೆಟ್ಟಿಗೆಯ ಎಲಿಮೆಂಟಿನಲ್ಲಿ. ಎರಡು ಮೈಕಾ ಹಾಳೆಗಳ ನಡುವೆ ಪಟ್ಟಿಯಂಥ ತಂತಿ ಸುತ್ತಿರುತ್ತದೆ. ತಂತಿ ಒಂದು ಕಡೆ ತುಂಡಾಗಿ ಎಲಿಮೆಂಟ್ ಹೋಗಿದ್ದರೂ ಮೈಕಾ ಹಾಳಾಗಿರುವುದಿಲ್ಲ. ಆ ಹಾಳೆಯ ಅಂಚಿಗೆ ಬ್ಲೇಡಿನ ಮೂಲೆ ತಾಗಿಸಿ ಮೆಲ್ಲಗೆ ಒತ್ತಿದರೆ ಅದು ತಾನಾಗಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಫ್ಯಾನ್ ನಿಲ್ಲಿಸಿ ಕೆಲಸ ಮಾಡಬೇಕು, ಅಷ್ಟು ಹಗುರ. ಬೆಳಕಿಗೆ ಹಿಡಿದರೆ ಬಣ್ಣದ ಉಂಗುರಗಳು ಕಾಣುವಷ್ಟು ತೆಳುವಾದ ಪದರವೇ ಬೇಕು, ಏಕೆಂದರೆ ದಪ್ಪನೆಯ ಮೈಕಾವನ್ನು 4 ಮಿಲಿಮೀಟರಿನ ತಂತಿಯ ಸುತ್ತ ಬಗ್ಗಿಸಿದರೆ ಚಟ್ಟೆಂದು ಸೀಳುತ್ತದೆ, ತೆಳ್ಳನೆಯದು ಕಾಗದದಂತೆ ಸುತ್ತಿಕೊಳ್ಳುತ್ತದೆ. ಇಂಥ ಪದರಗಳನ್ನು ಒಂದರ ಮೇಲೊಂದು, ಅಂಚು ಅಂಚಿನ ಮೇಲೆ ಬರದಂತೆ ಸುತ್ತಿ ನೂಲಿನಿಂದ ಕಟ್ಟಿಟ್ಟುಕೊಳ್ಳಬೇಕು. ಮೊದಲ ಸಲ ಕಾಯಿಸಿದಾಗ ನೂಲು ಸುಟ್ಟುಹೋಗುತ್ತದೆ, ಅಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಇದಕ್ಕೆ ಹತ್ತಿ ನೂಲೇ ಬೇಕು. ನೈಲಾನ್ ದಾರ ಕರಗಿ ಮೈಕಾಕ್ಕೆ ಮೆತ್ತಿಕೊಳ್ಳುತ್ತದೆ.

ಸುತ್ತುವಾಗ ತಂತಿಯನ್ನು ಬಿಗಿಯಾಗಿ ಹಿಡಿದು, ಬೆರಳಿಂದ ಬಿಟ್ಟನ್ನೇ ತಿರುಗಿಸಬೇಕು. ತಂತಿಯನ್ನು ಬಿಟ್ಟಿನ ಸುತ್ತ ತಿರುಗಿಸಲು ಹೋದರೆ ಗಂಟು ಬೀಳುತ್ತದೆ. ಒಂದು ಸುತ್ತಿಗೆ ಒಂದೂವರೆ ಸೆಂಟಿಮೀಟರ್ ಹೋಗುತ್ತದೆ, ಒಟ್ಟು ನಲವತ್ತು ಸುತ್ತು. ಸುತ್ತುಗಳ ನಡುವೆ ತಂತಿಯ ದಪ್ಪದಷ್ಟೇ ಜಾಗ ಬಿಟ್ಟರೆ ಮೂರು ಸೆಂಟಿಮೀಟರಿಗಿಂತ ಅಷ್ಟೇನೂ ಹೆಚ್ಚಾಗದಂತೆ ಬಿಟ್ಟಿನ ಹಿಂಭಾಗದಲ್ಲಿ ಕೂರುತ್ತದೆ. ಮುಂದಿನ ತುದಿಯಿಂದ ವಾಪಸು ಬರುವ ತಂತಿಗೆ ವೈಂಡಿಂಗ್ ಅಂಗಡಿಯ ಗ್ಲಾಸ್ ಸ್ಲೀವ್ ತೊಡಿಸಿ ಸುತ್ತುಗಳ ಮೇಲಿಂದ ಹಿಂದಕ್ಕೆ ತರಬೇಕು. ಆಮೇಲೆ ಮತ್ತೆ ಮೈಕಾ. ಇಷ್ಟಾದ ಮೇಲೆ ಮಲ್ಟಿಮೀಟರ್ ಇಟ್ಟು ಎರಡು ವಿಷಯ ನೋಡಬೇಕು: ತಂತಿಯ ಎರಡು ತುದಿಗಳ ನಡುವೆ 6 ಓಮ್‌ನ ಆಸುಪಾಸು ತೋರಿಸಬೇಕು, ತಂತಿಗೂ ತಾಮ್ರಕ್ಕೂ ನಡುವೆ ಏನೂ ತೋರಿಸಬಾರದು.

ಇಲ್ಲಿಂದ ಮುಂದಿನದೇ ನನಗೆ ಹೆಚ್ಚು ಪ್ರೀತಿಯ ಭಾಗ. ಈ ಬಿಸಿ ತುಂಡನ್ನು ಹಿಡಿಗೆ ಸೇರಿಸುವ ಕೊಳವೆ ಯಾವುದಾಗಿರಬೇಕು? ಕೈಗೆ ಸಿಗುವ ಅಲ್ಯೂಮಿನಿಯಂ ಕೊಳವೆ ಹಗುರ, ಕೊಯ್ಯಲು ಸುಲಭ, ನೋಡಲೂ ಚೆಂದ. ಅದನ್ನು ಮುಟ್ಟಲೇಬಾರದು. ಒಂದು ಉದಾಹರಣೆ ಲೆಕ್ಕ ಹಾಕೋಣ. ಹೊರಗೆ 8, ಒಳಗೆ 7 ಮಿಲಿಮೀಟರ್ ಇರುವ ಕೊಳವೆ, ಬಿಸಿ ಜಾಗದಿಂದ ಹಿಡಿಗೆ 6 ಸೆಂಟಿಮೀಟರ್ ದೂರ, ಎರಡು ಕೊನೆಗಳ ನಡುವೆ 250 ಡಿಗ್ರಿ ವ್ಯತ್ಯಾಸ. ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದಾದರೆ ಅದರ ಮೈಯ ಮೂಲಕ ಹಿಂದಕ್ಕೆ ಸೋರುವುದು ಮುಕ್ಕಾಲು ವ್ಯಾಟ್. ಅದೇ ಅಳತೆಯ ಅಲ್ಯೂಮಿನಿಯಂ ಕೊಳವೆಯಾದರೆ ಹನ್ನೊಂದು ವ್ಯಾಟ್‌ಗೂ ಹೆಚ್ಚು. ನಾವು ಕೊಡುತ್ತಿರುವುದೇ 24 ವ್ಯಾಟ್, ಅದರಲ್ಲಿ ಅರ್ಧದಷ್ಟು ಅಂಗೈಯ ಕಡೆಗೆ ಹೊರಟರೆ ಬಿಟ್ ಕಾಯುವುದಿಲ್ಲ, ಕೈ ಕಾಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಲೋಹವಾದರೂ ಬಿಸಿ ಸಾಗಿಸುವುದರಲ್ಲಿ ಬಹಳ ಸೋಮಾರಿ. ಅಲ್ಯೂಮಿನಿಯಂಗಿಂತ ಸುಮಾರು ಹದಿನೈದು ಪಟ್ಟು ನಿಧಾನ. ಆ ಸೋಮಾರಿತನವೇ ನಮಗೆ ಬೇಕಾದ್ದು.

ಇಂಥ ಕೊಳವೆ ಎಲ್ಲಿ ಸಿಗುತ್ತದೆ? ಎಳನೀರು, ಜ್ಯೂಸ್ ಕುಡಿಯಲು ಈಗ ಸ್ಟೀಲಿನ ಸ್ಟ್ರಾ ಮಾರುತ್ತಾರಲ್ಲ, ಅದರಲ್ಲಿ ದಪ್ಪನೆಯದು ಸರಿಯಾಗಿ ಈ ಅಳತೆಯದು. ನೇರವಾದದ್ದನ್ನು ಆರಿಸಿಕೊಂಡು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಕತ್ತರಿಸಿದರೆ ಸಾಕು. ಎಲಿಮೆಂಟ್ ಒಳಗೆ ಕೂರಿಸಿ, ಬಿಟ್ಟಿನ ಎರಡು ಸೆಂಟಿಮೀಟರ್ ಹೊರಗುಳಿಸಿ, ಕೊಳವೆಯ ಬಾಯಿಯ ಹತ್ತಿರ ಸುತ್ತುಗಳಿಲ್ಲದ ಜಾಗದಲ್ಲಿ ಕೊಳವೆ ಮತ್ತು ತಾಮ್ರ ಎರಡನ್ನೂ ದಾಟುವ ಸಣ್ಣ ತೂತು ಕೊರೆದು ಸ್ಟೀಲ್ ತಂತಿಯ ಮೊಳೆ ಹೊಡೆದರೆ ಬಿಟ್ ಜಾರುವುದಿಲ್ಲ. ಎಲಿಮೆಂಟಿನ ಹಿಂದೆ, ಹಿಡಿಗೆ ಮೊದಲು, ಕೊಳವೆಯ ಸುತ್ತ ನಾಲ್ಕಾರು ತೂತು ಕೊರೆಯಬೇಕು. ಅಂಗಡಿಯ ಐರನ್‌ಗಳಲ್ಲೂ ಈ ತೂತುಗಳಿರುತ್ತವೆ, ಅಲಂಕಾರಕ್ಕೆಂದು ಬಹಳ ಜನ ತಿಳಿದಿದ್ದಾರೆ. ತೂತು ಕೊರೆದಷ್ಟೂ ಬಿಸಿ ಸಾಗಲು ಲೋಹ ಕಡಿಮೆ, ಒಳಗಿನ ಬಿಸಿ ಗಾಳಿ ಹೊರಹೋಗಲು ದಾರಿ ಹೆಚ್ಚು.

ಹಿಡಿಗೆ ಮರಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದರಲ್ಲೂ ಮಗ್ಗದ ಹಳೆಯ ಮರದ ಕಂಡಿಕೆ ಕೈಗೆ ಬಂದರೆ ಅರ್ಧ ಕೆಲಸ ಆದಂತೆಯೇ. ಲಾಳಿಯೊಳಗೆ ಹೊಕ್ಕಿನ ನೂಲು ಸುತ್ತಿಡುವ ಈ ಮರದ ಕಡ್ಡಿಗೆ ಉದ್ದಕ್ಕೂ ತೂತು ಇರುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ವರ್ಷಗಟ್ಟಲೆ ನೂಲು ತಿಕ್ಕಿ ತಿಕ್ಕಿ ಅದರ ಮೈ ಪಾಲಿಶ್ ಮಾಡಿದ ಹಾಗೆ ನುಣುಪಾಗಿರುತ್ತದೆ. ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. 1954ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಊರಿನ ಮಗ್ಗಗಳ ಸದ್ದು ಹಿಂದಿನಷ್ಟಿಲ್ಲ. ಅಟ್ಟದ ಮೇಲೆ ಬಿದ್ದಿರುವ ಕಂಡಿಕೆಗಳಿಗೆ ಹೀಗೊಂದು ಎರಡನೇ ಬಾಳು ಸಿಗುವುದು ನನಗೆ ಬಹಳ ಸಂತೋಷದ ಸಂಗತಿ. ಕಂಡಿಕೆ ಸಿಗದಿದ್ದರೆ ಅಷ್ಟೇ ದಪ್ಪದ ಒಣಗಿದ ಬಿದಿರಿನ ತುಂಡೂ ನಡೆಯುತ್ತದೆ, ಗೆಣ್ಣು ಕೊರೆದುಕೊಳ್ಳಬೇಕಷ್ಟೆ.

ಮರದ ಬಾಯಿಗೆ ಸ್ಟೀಲ್ ಕೊಳವೆಯನ್ನು ನೇರವಾಗಿ ತುರುಕಬಾರದು. ಹೈಲಾಮ್ ಶೀಟಿನಿಂದ ಎಂಟಾಣೆಯಷ್ಟು ದೊಡ್ಡ ಬಿಲ್ಲೆ ಕತ್ತರಿಸಿ, ನಡುವೆ ಕೊಳವೆ ಬಿಗಿಯಾಗಿ ಕೂರುವ ತೂತು ಮಾಡಿ, ಬಿಲ್ಲೆಯನ್ನು ಮರಕ್ಕೆ ಸಣ್ಣ ಸ್ಕ್ರೂಗಳಿಂದ ಬಿಗಿಯಬೇಕು. ಮರದೊಳಗಿನ ತೂತು ಕೊಳವೆಗಿಂತ ದೊಡ್ಡದಿರಲಿ, ಸುತ್ತ ಗಾಳಿ ಇರಲಿ. ಬೆರಳು ಬಿಲ್ಲೆಯ ಹಿಂದೆಯೇ ನಿಲ್ಲುವುದರಿಂದ ಜಾರಿ ಮುಂದೆ ಹೋಗುವ ಭಯವೂ ತಪ್ಪುತ್ತದೆ. ಪೆನ್ನು ಹಿಡಿದ ಹಾಗೆ ಹಿಡಿದಾಗ ಬಿಟ್ಟಿನ ತುದಿ ಬೆರಳಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಕೈ ನಡುಗುವುದಿಲ್ಲ, ಆದರೆ ಹತ್ತಿರವಾದಷ್ಟೂ ಬಿಸಿ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಕೈಯನ್ನೇ ಕೇಳಿ ತೀರ್ಮಾನಿಸಬೇಕು.

ನಿಕ್ರೋಮಿಗೆ ಸೀಸ ಹತ್ತುವುದಿಲ್ಲ. ಹತ್ತಿದರೂ ಅಲ್ಲಿನ ಬಿಸಿಗೆ ಕರಗಿ ಬೀಳುತ್ತದೆ. ಆದ್ದರಿಂದ ಎಲಿಮೆಂಟಿನಿಂದ ಹಿಂದಕ್ಕೆ ಬರುವ ತಂತಿಯ ಎರಡೂ ತುದಿಗಳನ್ನು ಮಡಿಚಿ ಜೋಡಿಯಾಗಿ ಹೊಸೆಯಬೇಕು. ಅದೇ ಕರೆಂಟಿಗೆ ಆ ಭಾಗದಲ್ಲಿ ಹುಟ್ಟುವ ಬಿಸಿ ಅರ್ಧಕ್ಕಿಳಿಯುತ್ತದೆ. ಇದಕ್ಕೆ ಬೇಕಾದ ಉದ್ದವನ್ನು 60 ಸೆಂಟಿಮೀಟರಿನ ಆಚೆಗೆ ಸೇರಿಸಿಯೇ ಕತ್ತರಿಸಿಕೊಳ್ಳಿ. ಹೊಸೆದ ತುದಿಗಳಿಗೆ ಗ್ಲಾಸ್ ಸ್ಲೀವ್ ತೊಡಿಸಿ ಹಿಡಿಯ ಹಿಂಭಾಗದ ತನಕ ತಂದು, ವೈರಿಂಗ್ ಕನೆಕ್ಟರ್ ಪಟ್ಟಿಯ ಒಳಗಿರುವ ಹಿತ್ತಾಳೆಯ ಸ್ಕ್ರೂ ಕೊಳವೆಗಳಲ್ಲಿ ಹೊರಗಿನ ವೈರಿಗೆ ಬಿಗಿದರೆ ಗಟ್ಟಿ. ಹೊರಗಿನ ವೈರು ಸಿಲಿಕೋನ್ ಹೊದಿಕೆಯದಾದರೆ ಉತ್ತಮ: ಹಗ್ಗದ ಹಾಗೆ ಮೆತ್ತಗಿರುತ್ತದೆ, ಬಿಟ್ ಅಕಸ್ಮಾತ್ ತಾಗಿದರೂ ಕರಗುವುದಿಲ್ಲ. ಪಿವಿಸಿ ವೈರು ಅಗ್ಗ, ಆದರೆ ಗಡಸು. ಹಗುರವಾದ ಹಿಡಿಗೆ ಗಡಸು ವೈರು ಕಟ್ಟಿದರೆ ಕೈ ಒಂದು ಕಡೆ ಹೋದರೆ ಬಿಟ್ ಇನ್ನೊಂದು ಕಡೆ ಹೋಗುತ್ತದೆ. ವೈರು ಹಿಡಿಯೊಳಗೆ ಹೋಗುವ ಬಾಯಲ್ಲಿ ಒಳಗೆ ಒಂದು ಗಂಟು ಹಾಕಿ, ಹೊರಗೆ ಸೈಕಲ್ ವಾಲ್‌ಟ್ಯೂಬಿನ ತುಂಡು ತೊಡಿಸಬೇಕು. ಬ್ಯಾಟರಿಯ ಪ್ಲಸ್ ಕಡೆಗೆ ಬೈಕಿಗೆ ಹಾಕುವ 5 ಆಂಪಿಯರ್ ಫ್ಯೂಸ್ ಇರಲೇಬೇಕು. 12 ವೋಲ್ಟ್ ಕೈಗೆ ಶಾಕ್ ಹೊಡೆಯದು ನಿಜ, ಆದರೆ ಸೀಸದ ಬ್ಯಾಟರಿ ಶಾರ್ಟ್ ಆದರೆ ವೈರೇ ಹೊತ್ತಿ ಉರಿಯುತ್ತದೆ.

ಮೊಬೈಲ್ ಬೋರ್ಡ್, ಚಾರ್ಜರ್ ಸರ್ಕ್ಯೂಟುಗಳಂಥ ಸೂಕ್ಷ್ಮ ಕೆಲಸ ಮಾಡುವವರು ಈಗ ಟಿ12 ಎಂಬ ಕಾರ್ಟ್ರಿಜ್ ಬಿಟ್‌ಗಳತ್ತ ಹೋಗುತ್ತಿದ್ದಾರೆ. ಜಪಾನಿನ ಹಾಕೋ ಕಂಪನಿಯ ವಿನ್ಯಾಸ, ಅದರ ನಕಲುಗಳೂ ಎಲ್ಲೆಡೆ ಸಿಗುತ್ತವೆ. ಇದರಲ್ಲಿ ಬಿಟ್, ಎಲಿಮೆಂಟ್, ತಾಪ ಅಳೆಯುವ ಥರ್ಮೋಕಪಲ್ ಮೂರೂ ಒಂದೇ ಕಡ್ಡಿಯಲ್ಲಿವೆ; 24 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಎಲಿಮೆಂಟೂ ಥರ್ಮೋಕಪಲ್ಲೂ ಸಾಲಾಗಿ ಜೋಡಿಸಿರುವುದರಿಂದ ಸ್ಟೇಷನ್ ಎಂಬ ನಿಯಂತ್ರಣ ಪೆಟ್ಟಿಗೆ ಒಂದು ಕ್ಷಣ ಕರೆಂಟ್ ಕೊಟ್ಟು, ಮರುಕ್ಷಣ ನಿಲ್ಲಿಸಿ, ಅವೇ ಎರಡು ತಂತಿಗಳಲ್ಲಿ ಬರುವ ಕೆಲವು ಮಿಲಿವೋಲ್ಟ್ ಅಳೆದು ಬಿಸಿ ಎಷ್ಟಿದೆ ಎಂದು ತಿಳಿಯುತ್ತದೆ. ಇಲ್ಲಿ ಮನೆಯಲ್ಲಿ ಮಾಡಬೇಕಾದದ್ದು ಹಿಡಿ ಮಾತ್ರ, ಆ ಹಿಡಿಯ ಜೀವ ಇರುವುದು ಕಡ್ಡಿಯ ಉಂಗುರಗಳನ್ನು ಅಪ್ಪಿ ಹಿಡಿಯುವ ಹಿತ್ತಾಳೆಯ ಪಟ್ಟಿಗಳಲ್ಲಿ. ಅಲ್ಲಿ ಅರ್ಧ ಓಮ್ ರೋಧ ಉಳಿದರೂ 3 ಆಂಪಿಯರಿಗೆ ನಾಲ್ಕೂವರೆ ವ್ಯಾಟ್ ಹಿಡಿಯೊಳಗೇ ಸುಡುತ್ತದೆ. ಸಡಿಲವಾದರೆ ತಾಪದ ಅಳತೆಯೂ ಕುಣಿಯುತ್ತದೆ. ಗಾಜಿನ ಫ್ಯೂಸ್ ಹಿಡಿಯುವ ಸಣ್ಣ ಕ್ಲಿಪ್ಪುಗಳನ್ನು ತುಸು ಅಗಲಿಸಿಕೊಂಡರೆ ಈ ಕೆಲಸಕ್ಕೆ ಹೊಂದುತ್ತವೆ.

ಹೊಸ ಬಿಟ್ಟನ್ನು ಮೊದಲ ಸಲ ಕಾಯಿಸುವ ಹೊತ್ತು ನಿರ್ಣಾಯಕ. ಬರೀ ತಾಮ್ರ ಗಾಳಿಯಲ್ಲಿ ಕಾದರೆ ಕಪ್ಪಾಗುತ್ತದೆ, ಕಪ್ಪಾದ ತಾಮ್ರಕ್ಕೆ ಸೀಸ ಹತ್ತದು. ತಾಮ್ರದ ಹಂಡೆಗೆ ಕಲಾಯಿ ಹಾಕುವವರಿಗೆ ಈ ಸಂಗತಿ ವಿದ್ಯುತ್ತು ಬರುವುದಕ್ಕೂ ಮೊದಲೇ ಗೊತ್ತಿತ್ತು. ಕಾದ ಪಾತ್ರೆಗೆ ತವರ ತಾಗಿಸಿ, ನವಸಾಗರದ ಪುಡಿ ಉದುರಿಸಿ, ಹತ್ತಿಯಿಂದ ಒಂದು ಬೀಸು ಉಜ್ಜಿದರೆ ಬಿಳಿಯ ಹೊಗೆ ಏಳುತ್ತದೆ, ಪಾತ್ರೆ ಬೆಳ್ಳಿಯಂತಾಗುತ್ತದೆ. ಬಿಟ್ಟಿಗೂ ಅದೇ ಮದ್ದು. ಅರದಿಂದ ಉಜ್ಜಿ ಹೊಳೆಯುವಂತೆ ಮಾಡಿ, ಬಿಸಿಯೇರುತ್ತಿದ್ದಂತೆ ನವಸಾಗರದ ಗಟ್ಟಿಗೆ ತಿಕ್ಕಿ, ಒಡನೆಯೇ ಸೋಲ್ಡರ್ ತಾಗಿಸಿದರೆ ತುದಿಯ ತುಂಬ ಹರಡುತ್ತದೆ. ಬಯಲಲ್ಲಿ, ಹೊಗೆ ಮುಖಕ್ಕೆ ಬಾರದ ಕಡೆ ನಿಂತು ಮಾಡಬೇಕು. ತವರ 63 ಪಾಲು, ಸೀಸ 37 ಪಾಲು ಇರುವ ಸೋಲ್ಡರ್ 183 ಡಿಗ್ರಿಗೆ ಒಮ್ಮೆಲೇ ನೀರಾಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ಹೊಸಬರ ಕೈಗೆ ಅದೇ ಒಳ್ಳೆಯದು. ಕರಗಿದ ತವರ ತಾಮ್ರವನ್ನು ನಿಧಾನವಾಗಿ ತಿನ್ನುವುದರಿಂದ ನಮ್ಮ ಬಿಟ್ಟಿನಲ್ಲಿ ಕ್ರಮೇಣ ಗುಳಿ ಬೀಳುತ್ತದೆ, ಆಗ ಅರ ಹಾಕಿ ಮತ್ತೆ ಮೂತಿ ಮಾಡಬಹುದು. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಲೇಪದ ಬಿಟ್ಟಿಗೆ ಮಾತ್ರ ಎಂದೂ ಅರ ತಾಗಿಸಬಾರದು. ಲೇಪ ಹೋದರೆ ಬಿಟ್ಟೇ ಹೋಯಿತು.

ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಬೀಡಿ, ಅಡಿಕೆ, ಊಟ ಯಾವುದನ್ನೂ ಮುಟ್ಟಬಾರದು. ಸೀಸ ದೇಹಕ್ಕೆ ಹೋಗುವುದು ಮುಖ್ಯವಾಗಿ ಬೆರಳಿನಿಂದ ಬಾಯಿಗೆ. ಮೂಗಿಗೆ ಬರುವ ಹೊಗೆ ಸೋಲ್ಡರ್ ತಂತಿಯೊಳಗಿನ ರಾಳದ್ದು, ಉಬ್ಬಸ ಇರುವವರಿಗೆ ಅದೂ ಆಗದು.

ಇಷ್ಟೆಲ್ಲ ಮಾಡಿದ್ದು ಯಾವ ಕೆಲಸಕ್ಕೆ? ಹತ್ತಿ ಹೂವಾಗಿ ಕಾಯಿ ಕಟ್ಟುವ ದಿನಗಳಲ್ಲಿ ಕೌತಾಳ, ಹೊಳಗುಂದ, ಹಾಲಹರ್ವಿ ಕಡೆಯ ಯಾವ ರಿಪೇರಿ ಅಂಗಡಿಯ ಮುಂದೆ ನಿಂತರೂ ಉತ್ತರ ಸಿಗುತ್ತದೆ. ಬೆನ್ನಿಗೆ ಪಂಪು ಹೇರಿಕೊಂಡೇ ಬಂದಿರುತ್ತಾರೆ. “ಅಣ್ಣಾ, ನಿನ್ನೆ ತನಕ ಚಲೋ ಇತ್ರಿ. ಇವತ್ತು ಸ್ವಿಚ್ ಹಾಕಿದ್ರ ಒಮ್ಮೆ ಓಡ್ತದ, ಒಮ್ಮೆ ನಿಲ್ತದ. ನೋಡ್ರಿ ಒಂದ್ ಸ್ವಲ್ಪ.” ಕಾಯಿಕೊರಕ ಬಿದ್ದಿರುವ ಹೊಲದವರಿಗೆ ನಾಳೆ ಬನ್ನಿ ಎನ್ನುವಂತಿಲ್ಲ. ಹತ್ತರಲ್ಲಿ ಬಹುಪಾಲು ಪಂಪುಗಳ ಮೋಟಾರ್ ಕೆಟ್ಟಿರುವುದಿಲ್ಲ, ಬ್ಯಾಟರಿಯೂ ಹೋಗಿರುವುದಿಲ್ಲ. ಸ್ವಿಚ್ಚಿನ ಹಿಂದೆ ಅಥವಾ ಬ್ಯಾಟರಿಯ ಪಿನ್ನಿನ ಹತ್ತಿರ ಒಂದು ವೈರು ಒಳಗೊಳಗೇ ತುಂಡಾಗಿರುತ್ತದೆ.

ಬಿಸಿ ಮಾಡುವ ಮೊದಲು ಪಂಪಿನ ತಳವನ್ನು ಸೋಪಿನ ನೀರಿನಿಂದ ತೊಳೆದು ಒರೆಸಬೇಕು. ಔಷಧಿ ಮೆತ್ತಿದ ಪ್ಲಾಸ್ಟಿಕ್ಕಿಗೆ ಬಿಸಿ ತಾಗಿ ಏಳುವ ಹೊಗೆ ಯಾರ ಎದೆಗೂ ಹೋಗಬಾರದು. ವೈರಿನ ಹೊದಿಕೆ ಸುಲಿದರೆ ಒಳಗಿನ ಎಳೆಗಳು ಇದ್ದಿಲಿನಂತೆ ಕಪ್ಪಾಗಿರುತ್ತವೆ. ಔಷಧಿಯ ನೀರು ಎಳೆಗಳ ನಡುವೆ ಏರಿ ತಾಮ್ರವನ್ನು ತಿಂದಿರುತ್ತದೆ. ಹೊಳೆಯುವ ತಾಮ್ರ ಕಾಣುವವರೆಗೂ ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು, ನಾಲ್ಕು ಬೆರಳು ಹೋದರೂ ಚಿಂತೆಯಿಲ್ಲ, ಹೊಸ ತುಂಡು ಸೇರಿಸಬಹುದು. ಇಲ್ಲಿ ನವಸಾಗರವಾಗಲಿ, ಸತು ಕರಗಿಸಿದ ತಗಡಿನವರ ಆಸಿಡ್ ಆಗಲಿ ಬೇಡವೇ ಬೇಡ. ಬೆಸುಗೆ ಅಂದು ಚೆನ್ನಾಗಿ ಹತ್ತುತ್ತದೆ, ಆದರೆ ಉಳಿದ ಉಪ್ಪು ತೇವ ಹೀರಿ ವೈರನ್ನು ಒಳಗಿಂದ ತಿನ್ನುತ್ತಲೇ ಇರುತ್ತದೆ. ವೈರಿಗೆ ರಾಳವೊಂದೇ ಸಾಕು. ಬಿಟ್ಟನ್ನು ವೈರಿಗೆ ತಾಗಿಸಿ ಹಿಡಿದು, ಸೋಲ್ಡರ್ ತಂತಿಯನ್ನು ಬಿಟ್ಟಿಗಲ್ಲ, ವೈರಿಗೆ ಮುಟ್ಟಿಸಬೇಕು. ವೈರಿನ ಬಿಸಿಗೇ ಅದು ಕರಗಿ ಎಳೆಗಳ ನಡುವೆ ಇಳಿದರೆ ಬೆಸುಗೆ ಕೂತಿತು.

ಇಳಿಯುವುದೂ ಒಂದು ಮಿತಿಯಲ್ಲಿರಬೇಕು. ಹೆಚ್ಚು ಹೊತ್ತು ಹಿಡಿದರೆ ಸೋಲ್ಡರ್ ಹೊದಿಕೆಯ ಒಳಕ್ಕೂ ಏರಿ ಮೆತ್ತನೆಯ ವೈರನ್ನು ಕಡ್ಡಿಯಂತೆ ಗಡಸು ಮಾಡುತ್ತದೆ. ರಿಪೇರಿಯಾದ ಪಂಪು ವಾರದಲ್ಲಿ ವಾಪಸು ಬರುವುದು ಹೆಚ್ಚಾಗಿ ಈ ಕಾರಣಕ್ಕೆ: ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದಲ್ಲಿ, ಗಡಸು ಮುಗಿದು ಮೆದು ಶುರುವಾಗುವ ಗೆರೆಯಲ್ಲಿ, ನಡೆಯುವವರ ಬೆನ್ನಿನ ಕುಲುಕಾಟಕ್ಕೆ ಬಗ್ಗಿ ಬಗ್ಗಿ ವೈರು ಮುರಿದಿರುತ್ತದೆ. ಹಾಗಾಗಿ ಸೋಲ್ಡರ್ ಹೊದಿಕೆಗೆ ಸ್ವಲ್ಪ ಮೊದಲೇ ನಿಲ್ಲಬೇಕು, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಬೆಸುಗೆಯ ಆಚೀಚೆ ಎರಡೂ ಕಡೆ ಒಂದಿಷ್ಟು ಮುಚ್ಚಬೇಕು, ಆಮೇಲೆ ಆ ವೈರನ್ನು ಅಲುಗದಂತೆ ಪಂಪಿನ ಮೈಗೆ ಟ್ಯಾಗ್‌ನಿಂದ ಕಟ್ಟಬೇಕು. ಟ್ಯಾಂಕಿಗೆ ಬರೀ ನೀರು ತುಂಬಿಸಿ, ಪಂಪು ಓಡುತ್ತಿರುವಾಗಲೇ ವೈರನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ. ನೀರಿನ ಧಾರೆ ಒಂದು ಕ್ಷಣವೂ ಕುಗ್ಗದಿದ್ದರೆ ಪಂಪನ್ನು ಹೊಲಕ್ಕೆ ಒಯ್ಯಬಹುದು.